ಕುದಿಸಬೇಡಿ, ನೆನೆಸಿ ಸಾಕು

ನಮಸ್ಕಾರ. ನಮ್ಮ ಬೆಳಗಾವಿ ಕಡೆಯ ಎಷ್ಟೋ ಮನೆಗಳ ಹುಡುಗರು ಈಗ ಹೊರದೇಶದಲ್ಲಿದ್ದಾರೆ. ಅವರಲ್ಲಿ ಕೆಲವರಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ನನ್ನ ತಮ್ಮನೂ ಅದೇ ಗಿರಾಕಿ, ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ 1963ರಿಂದ ಮನೆಮಟ್ಟಿಗೆ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಆದ್ದರಿಂದ ಇದನ್ನು ಕೇಳಿ ಸಂಜೆಗೇ ಒಲೆ ಹಚ್ಚಬೇಡಿ, ಆಯ್ತಾ?

ಮೊನ್ನೆ ಫೋನ್ ಮಾಡಿದ್ದ. "ಅಕ್ಕಾ, ಬಿಯರ್ ಭಾಳ ಒಗರ ಆಗೇತಿ" ಅಂದ. ಕಾಳು ಕುದಿಸಿದೆಯಾ ಅಂತ ಕೇಳಿದೆ. "ಹೂಂ, ಚಲೋತ್ನಂಗ ಕುದಿಸೇನಿ" ಅಂದ. ಅಲ್ಲೇ ಇತ್ತು ನೋಡಿ ಎಡವಟ್ಟು.

ಹೊಸಬರು ಸಾಮಾನ್ಯವಾಗಿ ಅಂಗಡಿಯಿಂದ ಮಾಲ್ಟ್ ಪಾಕ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಪಾಕ, ತಂದು ಬಿಯರ್ ಮಾಡುತ್ತಾರೆ. ಬಣ್ಣ, ರುಚಿ ಬರಲಿ ಅಂತ ಒಂದಿಷ್ಟು ವಿಶೇಷ ಕಾಳು ನೆನೆಸಿ, ಆ ನೀರನ್ನು ಸೇರಿಸುತ್ತಾರೆ. ಕ್ರಿಸ್ಟಲ್ ಮಾಲ್ಟ್ ಅಂತ ಒಂದಿದೆ. ಮೊಳಕೆ ಬರಿಸಿದ ಜವೆಗೋಧಿಯನ್ನು, ಅಂದರೆ ಬಾರ್ಲಿಯನ್ನು, ಹಸಿ ಇರುವಾಗಲೇ ಬಿಸಿ ಮಾಡುವುದರಿಂದ ಅದರ ಹಿಟ್ಟಿನಂಶ ಸಿಪ್ಪೆಯ ಒಳಗೇ ಸಕ್ಕರೆಯಾಗಿ, ಆಮೇಲೆ ಹುರಿದಾಗ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಬೇಯಿಸುವ ಕೆಲಸವೇ ಇಲ್ಲ, ಬಿಸಿನೀರಿಗೆ ಕರಗಿದರೆ ಸಾಕು. ಕಪ್ಪಗೆ ಹುರಿದ ಬಾರ್ಲಿಯೂ ಅಷ್ಟೇ, ಕಾಫಿಯಂಥ ಕಹಿ ಕೊಡುತ್ತದೆ. ಆದರೆ ಮಾಮೂಲಿ ಪೇಲ್ ಮಾಲ್ಟನ್ನು ಹೀಗೆ ಸುಮ್ನೆ ನೆನೆಸಿ ಬಿಡುವಂತಿಲ್ಲ. ಅದರಲ್ಲಿ ಹಿಟ್ಟಿನಂಶ ಹಾಗೇ ಇರುತ್ತದೆ, ಅದು ಸಕ್ಕರೆಯಾಗಲು ಸುಮಾರು 65 ಡಿಗ್ರಿಯಲ್ಲಿ ಒಂದು ತಾಸು ಇಡಬೇಕು. ಅದು ಬೇರೆಯೇ ಕೆಲಸ.

20 ಲೀಟರ್ ಬಿಯರಿಗೆ ಕಾಲು ಕಿಲೋದಿಂದ ಅರ್ಧ ಕಿಲೋ ಕಾಳು ಧಾರಾಳ. ಜೋಳದ ನುಚ್ಚಿನ ಹಾಗೆ ಒಡೆಯಬೇಕು. ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದರೆ ಸಿಪ್ಪೆಯೆಲ್ಲ ಪುಡಿಯಾಗಿ ಕೆಲಸ ಕೆಡುತ್ತದೆ. ಶ್ರೀಖಂಡದ ಚಕ್ಕಾ ಕಟ್ಟುವ ತೆಳು ಬಟ್ಟೆ ಇರುತ್ತಲ್ಲ, ಅದರಲ್ಲಿ ಸಡಿಲವಾಗಿ ಗಂಟು ಕಟ್ಟಿ, ಎರಡು ಮೂರು ಲೀಟರ್ ನೀರಿನಲ್ಲಿ 65ರಿಂದ 70 ಡಿಗ್ರಿಯಲ್ಲಿ ಅರ್ಧ ತಾಸು ಇಡಿ. ಬೆರಳದ್ದಿ ನೋಡುವ ಲೆಕ್ಕ ಇಲ್ಲಿ ನಡೆಯಲ್ಲ, ಥರ್ಮಾಮೀಟರ್ ಬೇಕು. 77 ದಾಟಿದರೆ ಸಿಪ್ಪೆಯಲ್ಲಿರುವ ಟ್ಯಾನಿನ್ ಅನ್ನುವ ಒಗರಿನ ಅಂಶ ಜಾಸ್ತಿ ಬಿಡತೊಡಗುತ್ತದೆ, ಒಗರು ಬರುವುದು ಅದರಿಂದಲೇ. ಗಂಟನ್ನು ಎತ್ತಿ ಹಿಡಿದರೆ ಕೆಂಪು ನೀರು ತೊಟ್ಟಿಕ್ಕುತ್ತದೆ, ಇಳಿಯುವಷ್ಟು ಇಳಿಯಲಿ. ಹಿಂಡಿದರೆ ಕೆಟ್ಟೇ ಹೋಯಿತು ಅಂತ ಕೆಲವರು ಹೆದರಿಸುತ್ತಾರೆ, ನನಗೆ ಅದು ಅಷ್ಟು ದೊಡ್ಡದು ಅನಿಸುವುದಿಲ್ಲ. ಬಿಸಿ ಮತ್ತು ನೀರು, ಇವೆರಡರ ಮೇಲೆ ಕಣ್ಣಿಡಿ.

ನೀರು ಯಾಕೆ ಅಂದರೆ, ಕಾಳು ಕಡಿಮೆ ನೀರು ಜಾಸ್ತಿ ಆದರೆ ಕಾಳಿನ ಹುಳಿಯಂಶ ತೆಳುವಾಗಿ ಟ್ಯಾನಿನ್‌ಗೆ ದಾರಿಯಾಗುತ್ತದೆ. ಕ್ಷಾರದ ನೀರಾದರೆ ಇನ್ನೂ ಸುಲಭ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಬೋರ್‌ವೆಲ್ಲಿನ ಸವಳು ನೀರಿನ ಕಥೆ ನಾನು ಹೇಳಬೇಕಾ? ಐರ್ಲೆಂಡಿನ ಡಬ್ಲಿನ್ ಊರಿನ ನೀರೂ ಕ್ಷಾರದ್ದೇ. ಕಪ್ಪಗೆ ಹುರಿದ ಕಾಳಿನ ಹುಳಿ ಆ ಕ್ಷಾರವನ್ನು ತಗ್ಗಿಸುತ್ತದೆ, ಅಲ್ಲಿ ಕಪ್ಪು ಸ್ಟೌಟ್ ಬಿಯರ್ ಚೆನ್ನಾಗಿ ಆಗಲು ಅದೂ ಒಂದು ಕಾರಣ.

ನನ್ನ ತಮ್ಮ ಕಾಳು ನೆನೆಸಿ ತೆಗೆದ ನೀರಿಗೆ ಪಾಕ ಸೇರಿಸಿ, ಹಾಪ್ಸ್ ಅನ್ನುವ ಕಹಿ ಹೂ ಹಾಕಿ ಕುದಿಸಿ, ಆರಿಸಿ ಯೀಸ್ಟ್ ಹಾಕುತ್ತಾನೆ. ನಾವು ಇಲ್ಲಿ ಯೀಸ್ಟಿನ ಗೊಡವೆಗೇ ಹೋಗದೆ, ಕ್ರಿಸ್ಟಲ್ ಮಾಲ್ಟ್ ನೆನೆಸಿದ ನೀರನ್ನು ಒಂದು ಕುದಿ ಕುದಿಸಿ, ಹಾಲು ಬೆರೆಸಿ ಬಿಸಿಬಿಸಿ ಕುಡಿಯಬಹುದು. ಅದಕ್ಕೆ ಯಾವ ಲೈಸೆನ್ಸೂ ಬೇಡ.