ಸ್ಕ್ಯಾನ್ ಆಯ್ತು ಸರಿ, ಓದೋರು ಯಾರು?

ಸ್ನೇಹಿತರೇ, ನಮಸ್ಕಾರ. ಹಸ್ತಪ್ರತಿ ಭಂಡಾರಗಳ ಬಗ್ಗೆ ಮಾಡಿದ್ದ ಎಪಿಸೋಡಿಗೆ ಒಂದು ಕಾಮೆಂಟ್ ಬಂದಿದೆ. "ಎಲ್ಲಾ ಸ್ಕ್ಯಾನ್ ಮಾಡಿ ಆಯ್ತಲ್ಲ, ಇನ್ನು ಓಲೆಗರಿ ಇಡೋಕೆ ಕಟ್ಟಡ ಯಾಕೆ, ಪಂಡಿತರಿಗೆ ಸಂಬಳ ಯಾಕೆ?" ಅದಕ್ಕೆ ಲೈಕುಗಳೂ ಬಿದ್ದಿವೆ! ಓದಿ ಮೈ ಉರಿದುಹೋಯ್ತು. ಹಾಗಾಗಿ ಇವತ್ತು ಒಂದೇ ಮಾತು. ಓದಿ, ಏನು ಅಂತ ಗುರುತಿಸಿ, ಸೂಚಿಗೆ ಸೇರಿಸದೇ ಇದ್ರೆ, ಸ್ಕ್ಯಾನ್ ಅನ್ನೋದು ಬರೀ ಫೋಟೋ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ತಗೊಳ್ಳಿ. 1891ರಲ್ಲಿ ಓರಿಯೆಂಟಲ್ ಲೈಬ್ರರಿ ಅಂತ ಶುರುವಾಗಿದ್ದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಗ್ರಂಥ ಲಿಪಿಯ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿ) ಒಂದು ಓಲೆಕಟ್ಟು ಅಲ್ಲಿಗೆ ಬಂತು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿದರು. ಓದಿದ್ದಕ್ಕೇ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಲೋಕಕ್ಕೆ ಗೊತ್ತಾಯ್ತು. 1909ರಲ್ಲಿ ಮೂಲ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷ್ ಅನುವಾದದ ಪುಸ್ತಕ ಬಂತು. ಅದೇ ಕಟ್ಟನ್ನ ಫೋಟೋ ಹೊಡೆದು ಬಿಟ್ಟಿದ್ರೆ? ಇಂತಿಷ್ಟನೇ ನಂಬರಿನ ಫೈಲ್ ಆಗಿ ಹಾರ್ಡ್ ಡಿಸ್ಕಲ್ಲಿ ಬಿದ್ದಿರ್ತಿತ್ತು, ಅಷ್ಟೆ.

ಸೂಚಿ ಮಾಡೋದು ಅಂದ್ರೆ ಹೆಸರು ಬರ್ಕೊಳ್ಳೋದು ಅಂದ್ಕೊಂಡಿದ್ದೀರಾ? ಅಲ್ಲ ಸ್ವಾಮಿ. ಗರಿಯ ಉದ್ದಗಲ, ಒಟ್ಟು ಗರಿ ಎಷ್ಟು, ಪುಟಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ. 32 ಅಕ್ಷರಕ್ಕೆ ಒಂದು "ಗ್ರಂಥ" (ಇಲ್ಲಿ ಪುಸ್ತಕ ಅಲ್ಲ, ಅಳತೆಯ ಹೆಸರು) ಅಂತ ಲೆಕ್ಕ ಹಾಕಿ ಕೃತಿಯ ಗಾತ್ರ ಹೇಳ್ತಾರೆ. ಗದ್ಯಕ್ಕೂ ಅದೇ ಅಳತೆ. ಆಮೇಲೆ ಲಿಪಿ ಬೇರೆ, ಭಾಷೆ ಬೇರೆ ಬರೀಬೇಕು. ಸಂಸ್ಕೃತ ಕೃತಿ ಕನ್ನಡ ಲಿಪಿಯಲ್ಲಿರುತ್ತೆ, ನಂದಿನಾಗರಿಯಲ್ಲಿರುತ್ತೆ, ತಿಗಳಾರಿಯಲ್ಲೂ ಇರುತ್ತೆ. ಆದಿವಾಕ್ಯ, ಅಂತ್ಯವಾಕ್ಯ ಇಳಿಸ್ಕೋಬೇಕು. ಕೊನೆಯಲ್ಲಿ ಪುಷ್ಪಿಕೆ. ಯಾರು ನಕಲು ಮಾಡಿದ್ದು, ಯಾರಿಗೋಸ್ಕರ, ಯಾವ ಸಂವತ್ಸರ, ಯಾವ ತಿಥಿ, ಇದ್ರೆ ಅಲ್ಲೇ ಇರುತ್ತೆ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತಲ್ಲ, ಜೊತೆಗೆ ಶಕವರ್ಷ ಕೊಟ್ಟಿಲ್ಲ ಅಂದ್ರೆ ಅಕ್ಷರದ ವರಸೆ, ತಿಥಿ-ವಾರ ಹೊಂದಿಸಿ ಕಾಲ ಊಹಿಸಬೇಕು. ಇನ್ನೊಂದು: ಒಂದೇ ಕಟ್ಟಿನಲ್ಲಿ ಮೂರು-ನಾಲ್ಕು ಕೃತಿ ಇರೋದು ಮಾಮೂಲಿ. ಮೊದಲ ಗರಿ ನೋಡಿ "ವೈದ್ಯ" ಅಂತ ಬರೆದುಬಿಟ್ರೆ, ಮಧ್ಯೆ ಇರೋ ಕಾವ್ಯ ಕಳೆದೇಹೋಯ್ತು!

ಅದಕ್ಕೇ ಹೇಳೋದು, ಓದದೇ ಇರೋ ಸ್ಕ್ಯಾನ್ ಬರೀ ಫೋಟೋ.

ಫೋಟೋ ಆದ್ರೂ ನೆಟ್ಟಗೆ ಬರುತ್ತಾ? ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ, ಅಂದ್ರೆ ಮೊನಚು ಲೇಖನಿಯಿಂದ ಕೊರೆದಿರ್ತಾರೆ, ಆಮೇಲೆ ಕಾಡಿಗೆ ತುಂಬ್ತಾರೆ. ಆ ಕಾಡಿಗೆ ಅಳಿಸಿಹೋಗಿದ್ರೆ ನೇರ ಬೆಳಕಿನಲ್ಲಿ ಗರಿ ಖಾಲಿ ಕಾಣುತ್ತೆ. ಬೆಳಕನ್ನ ಪಕ್ಕದಿಂದ, ತೀರಾ ಓರೆಯಾಗಿ ಬಿಟ್ರೆ ಗೀರು ಎದ್ದು ಕಾಣುತ್ತೆ. ದಿನಕ್ಕೆ ಇಷ್ಟು ಪುಟ ಅಂತ ಗುತ್ತಿಗೆ ತಗೊಂಡವರು ಅಷ್ಟು ಹೊತ್ತು ನಿಲ್ತಾರಾ? ಅಂಟಿಕೊಂಡ ಗರಿಗಳನ್ನ ಅವಸರಕ್ಕೆ ಎಳೆದ್ರೆ ಮೇಲಿನ ಪದರವೇ ಕಿತ್ತು ಬರುತ್ತೆ, ಅಕ್ಷರದ ಸಮೇತ. ಸ್ವಲ್ಪ ಸ್ವಲ್ಪ ತೇವಾಂಶ ಕೊಟ್ಟು, ಕಾದು ಬಿಡಿಸಬೇಕು. ದಾರ ಬಿಚ್ಚಿ ಗರಿ ಅದಲುಬದಲಾದ್ರೆ, ಅಂಚಿನ ಗರಿಸಂಖ್ಯೆ ಓದೋಕೆ ಬರೋರು ಬೇಕು. ಆ ಅಂಕಿಗಳೂ ಹಳೇ ಲಿಪಿಯವು!

"ಎಐ ಓದುತ್ತೆ ಬಿಡಿ ಸಾರ್" ಅಂತೀರಿ. ಎಐಗೆ ಕಲಿಸೋರು ಯಾರು? ನಂದಿನಾಗರಿ ಯುನಿಕೋಡಿಗೆ (ಕಂಪ್ಯೂಟರಿನಲ್ಲಿ ಲಿಪಿಗಳ ಅಕ್ಷರಕ್ಕೆ ಸಂಕೇತ ಕೊಡೋ ಮಾನದಂಡ) ಬಂದಿದ್ದು 2019ರಲ್ಲಿ, ತುಳು-ತಿಗಳಾರಿ ಬಂದಿದ್ದು 2024ರಲ್ಲಿ. ಮನುಷ್ಯರು ಓದಿ, ಅಕ್ಷರಕ್ಕೆ ಅಕ್ಷರ ಹೊಂದಿಸಿ ಕೊಟ್ಟ ಪುಟಗಳಿಲ್ಲದೇ ಯಾವ ಯಂತ್ರವೂ ಕಲಿಯಲ್ಲ. ಆ ಓದುವವರ ಸಂಬಳವನ್ನೇ ನಿಲ್ಲಿಸಿ ಅಂತಿದ್ದೀರಲ್ಲ!

ಮೂಲ ಯಾಕೆ ಬೇಕು ಅಂತಾನೂ ಕೇಳಿದ್ದೀರಿ. ಇವತ್ತಿನ ಕ್ಯಾಮೆರಾಗೆ ಕಾಣದ್ದು ನಾಳೆಯ ಕ್ಯಾಮೆರಾಗೆ ಕಾಣಬಹುದು, ಅದಕ್ಕೆ. ಗರಿ ಶ್ರೀತಾಳೆಯದ್ದೋ ಸಾದಾ ತಾಳೆಯದ್ದೋ, ದಪ್ಪ ಎಷ್ಟು, ದಾರದ ತೂತು ಎಷ್ಟು ಸವೆದಿದೆ, ಇದನ್ನೆಲ್ಲ ಚಿತ್ರದಲ್ಲಿ ಮುಟ್ಟಿ ನೋಡೋಕಾಗುತ್ತಾ? ಕೋಣೆ ತೀರಾ ಒಣಗಿದ್ರೆ ಗರಿ ಮುರಿಯುತ್ತೆ, ತೇವ ಹೆಚ್ಚಾದ್ರೆ ಬೂಸ್ಟು. ಅದಕ್ಕೇ ಕಟ್ಟಡ, ಅದಕ್ಕೇ ಆಳು. ಲೆಮನ್‌ಗ್ರಾಸ್ ಎಣ್ಣೆ ಹಚ್ಚೋದೂ ಒಂದು ವಿದ್ಯೆ. ಕೊರೆದ ಅಕ್ಷರಕ್ಕೆ ಸರಿ. ಶಾಯಿಯಲ್ಲಿ ಬರೆದದ್ದಕ್ಕೆ, ಬಣ್ಣದ ಚಿತ್ರಕ್ಕೆ ಹಚ್ಚಿದ್ರೆ ಕಲೆಸಿಹೋಗುತ್ತೆ. ಜಾಸ್ತಿ ಹಚ್ಚಿದ್ರೆ ಧೂಳು ಹಿಡಿಯುತ್ತೆ.

ಸ್ಕ್ಯಾನ್ ಬೇಡ ಅಂತ ನಾನು ಅಂದೇ ಇಲ್ಲ. ಮಾಡಿ, ಚೆನ್ನಾಗಿ ಮಾಡಿ, ಮೂರು ಕಡೆ ಪ್ರತಿ ಇಡಿ. ಆದ್ರೆ ಪಟ್ಟಿ ಎಲ್ಲಿ? ಇಷ್ಟು ಲಕ್ಷ ಪುಟ ಆಯ್ತು ಅಂತ ಯಾರೇ ಪ್ರಕಟಣೆ ಕೊಡಲಿ, ಕೇಳಿ: ಪಟ್ಟಿ ಎಲ್ಲಿ? ಬರೀ ಫೋಟೋ, ಬರೀ ಫೋಟೋ, ಬರೀ ಫೋಟೋ ಇಟ್ಕೊಂಡು ಏನ್ರೀ ಮಾಡ್ತೀರಾ?

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಆ ಕಾಮೆಂಟಿಗೆ ಲೈಕ್ ಒತ್ತಿದವರಿಗೂ ಇದನ್ನ ಕಳಿಸಿ. ಮುಂದಿನ ವಾರ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಬಳಪದಲ್ಲಿ ಬರೆದ ಲೆಕ್ಕಪತ್ರ. ಮನೆ ಅಟ್ಟದಲ್ಲಿ ಅಂಥದ್ದು ಸಿಕ್ಕಿದ್ರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಕ್ಷರ ಅಳಿಸಿಹೋಗುತ್ತೆ.