ಎಡಗಡೆ ಸೀಟಿನಲ್ಲಿ ಕೂತವರು

ಪಾಲಕರಿಗೆಲ್ಲ ನಮಸ್ಕಾರ. ಮಕ್ಕಳಿಗೆ ಕಾರು ಕಲಿಸುವ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದೀರಿ. ನಾನು 26 ವರ್ಷ ಸಾರಿಗೆ ಬಸ್ ಓಡಿಸಿದವನು. ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋಗುವಾಗ ಕೊರ್ತಿ-ಕೊಲ್ಹಾರ ಸೇತುವೆಯನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಆದರೂ 18 ತುಂಬಿದ ಮಗಳು ಸ್ಟೇರಿಂಗ್ ಹಿಡಿದ ದಿನ ಪಕ್ಕದಲ್ಲಿ ಕೂತ ನನ್ನ ಅಂಗೈ ಬೆವೆತಿತ್ತು. ಅದಕ್ಕೇ ಇವತ್ತು ಎಡಗಡೆ ಸೀಟಿನಲ್ಲಿ ಕೂತವರ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ನಮ್ಮ ಬಾಗಲಕೋಟೆಯ ನವನಗರ ಕಲಿಯಲು ಒಳ್ಳೆಯ ಜಾಗ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ಇದು. ಸೆಕ್ಟರ್ ರಸ್ತೆಗಳು ಅಗಲ. ಭಾನುವಾರ ಬೆಳಿಗ್ಗೆ 6 ಗಂಟೆಗೆ ಅಲ್ಲಿಗೆ ಹೋದೆವು. ಮೊದಲ ದಿನ ಗಾಡಿ ಒಂಬತ್ತು ಸಲ ಬಂದ್ ಬಿತ್ತು. "ಕ್ಲಚ್ ನಿಧಾನ ಬಿಡವ್ವಾ" ಅಂತ ಒಂದೇ ಸಮನೆ ಹೇಳುತ್ತಿದ್ದೆ. ಕೊನೆಗೆ ಅವಳು ಕೇಳಿದಳು, "ನಿಧಾನ ಅಂದ್ರ ಎಷ್ಟಪ್ಪಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಆಮೇಲೆ ಎಕ್ಸಲರೇಟರ್ ಮುಟ್ಟಬೇಡ ಅಂದೆ. ಸಪಾಟು ರಸ್ತೆ, ಫಸ್ಟ್ ಗೇರ್. ಹಿಮ್ಮಡಿ ನೆಲಕ್ಕೆ ಊರಿ ಕ್ಲಚ್ ಬಿಡುತ್ತಾ ಬಾ. ಎಂಜಿನ್ ಸದ್ದು ಸ್ವಲ್ಪ ಇಳಿಯುತ್ತೆ, ಗಾಡಿ ಸಣ್ಣಗೆ ನಡುಗುತ್ತೆ. ಪಾದವನ್ನು ಅಲ್ಲೇ ನಿಲ್ಲಿಸು. ಹಾಫ್ ಕ್ಲಚ್ ಅನ್ನೋದು ಇದನ್ನೇ. ಗಾಡಿ ತಾನಾಗಿ ಇರುವೆ ಹಾಗೆ ಮುಂದೆ ಸರಿಯಿತು. ಅರ್ಧ ಗಂಟೆ ಅಷ್ಟನ್ನೇ ಮಾಡಿಸಿದೆ. ಮತ್ತೆ ಗಾಡಿ ಬಂದ್ ಬೀಳಲಿಲ್ಲ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಐದನೇ ವಾರ ಇರಬೇಕು. ರಸ್ತೆ ಬದಿಗೆ ಕುರಿಗಳು ಬರುತ್ತಿದ್ದವು. ನಾನು ದೂರದಿಂದಲೇ ನೋಡಿದ್ದೆ, ಅವಳೂ ನೋಡಿರಬೇಕು ಅಂತ ಸುಮ್ನೆ ಕೂತಿದ್ದೆ. ಒಂದು ಮರಿ ರಸ್ತೆಗೆ ಜಿಗಿದಾಗ "ಬ್ರೇಕ್! ಬ್ರೇಕ್!" ಅಂತ ಕಿರುಚಿದೆ. ಗಾಬರಿಯಲ್ಲಿ ಅವಳ ಕಾಲು ಎಕ್ಸಲರೇಟರ್ ಮೇಲೆ ಬಿತ್ತು. ಮರಿ ಉಳಿಯಿತು, ಗಾಡಿ ಫುಟ್‌ಪಾತಿನ ಕಲ್ಲಿಗೆ ಬಡಿದು ರಿಮ್ ಬಾಗಿತು. ಮುಂದಿನ ಎರಡು ವಾರ ಮಗಳು ಕೀಲಿ ಮುಟ್ಟಲಿಲ್ಲ.

ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರಿಗಿಂತ ಸ್ವಲ್ಪ ಜಾಸ್ತಿ. ನಾವು ಕಿರುಚಿ, ಅವರು ಕೇಳಿ, ತಿಳಿದು, ಕಾಲು ಎತ್ತಿ ಇಡುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋದರೂ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೆ. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲಿಗೂ ಒಂದು ಬ್ರೇಕ್ ಇರುತ್ತೆ. ಮನೆ ಕಾರಿನಲ್ಲಿ ನಮಗಿರುವುದು ಬಾಯಿ, ಹೆಚ್ಚೆಂದರೆ ಹ್ಯಾಂಡ್ ಬ್ರೇಕ್. ಹಾಗಾಗಿ ಮಾತು ಮುಂಚೆ ಬರಬೇಕು, ತಣ್ಣಗೆ ಬರಬೇಕು.

ಆಮೇಲೆ ಒಂದು ರೂಢಿ ಮಾಡಿಕೊಂಡೆವು. ಓಡಿಸುತ್ತಾ ಮುಂದೆ ಕಾಣುವುದನ್ನು ಅವಳು ಬಾಯಿಬಿಟ್ಟು ಹೇಳಬೇಕು. "ಆಟೋ ನಿಂತೈತಿ, ಯಾರರ ಇಳೀಬಹುದು. ನಾಯಿ ಐತಿ. ಮುಂದ ಹಂಪ್ ಐತಿ." ಅವಳು ಹೇಳದೆ ಬಿಟ್ಟದ್ದು ಏನೋ ಅದನ್ನಷ್ಟೇ ನಾನು ಹೇಳುತ್ತಿದ್ದೆ. ಇದರಿಂದ ನನ್ನ ಅರ್ಧ ಭಯ ಹೋಯಿತು.

ಒಂದು ದಿನ ಬೆಲ್ಟ್ ಹಾಕ್ಕೊ ಅಂದೆ. "ನೀನ ಹಾಕ್ಕೊಂಡಿಲ್ಲಲ್ಲಪ್ಪಾ" ಅಂದಳು. ನಿಜ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಎಷ್ಟು ವರ್ಷದಿಂದ ನಮ್ಮನ್ನು ನೋಡುತ್ತಾ ಬಂದಿದ್ದಾರೆ ಅಲ್ವಾ?

ರಾತ್ರಿ ಓಡಿಸುವುದನ್ನು ಅವಸರದಲ್ಲಿ ಕಲಿಸಬೇಡಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ ರಸ್ತೆ ಹೇಗಿರುತ್ತೆ ನಿಮಗೇ ಗೊತ್ತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹಿಂದೆ ದೀಪ ಇರಲ್ಲ, ಕಬ್ಬು ಹೊರಗೆ ಚಾಚಿರುತ್ತೆ. ಎದುರಿನ ಲೈಟು ಕಣ್ಣಿಗೆ ಹೊಡೆದರೆ ಅದು ಕಾಣೋದೇ ಇಲ್ಲ. ಮೊದಲು ನೀವು ಓಡಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ತೋರಿಸಿ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. "ನಮ್ಮ ಹುಡುಗ 14ಕ್ಕೇ ಕಾರು ಓಡಿಸ್ತಾನ್ರಿ" ಅಂತ ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ ಮಾತ್ರ. ಮನೆಯಲ್ಲಿರುವ 110 ಸಿಸಿ ಸ್ಕೂಟಿಗೂ 18 ಆಗಲೇಬೇಕು. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ಆಗುವವರೆಗೆ ಲೈಸೆನ್ಸ್ ಸಿಗಲ್ಲ. ದಂಡ ಹೋಗಲಿ, ರಸ್ತೆ ಮೇಲೆ ಬಿದ್ದ ಎಳೆ ಮಕ್ಕಳನ್ನು ನಾನು ಬಸ್ಸಿನಿಂದ ಇಳಿದು ಎತ್ತಿದ್ದೇನೆ.

ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, 6 ತಿಂಗಳು ಇರುತ್ತೆ. 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. 31ನೇ ದಿನವೇ ಹೋಗಬೇಕು ಅಂತೇನಿಲ್ಲ. ನನ್ನ ಮಗಳು ನಾಲ್ಕು ತಿಂಗಳು ತೆಗೆದುಕೊಂಡಳು.

ನಾನು ಈಗಲೂ ಭಾನುವಾರ ಬೆಳಿಗ್ಗೆ 6ಕ್ಕೆ ಅದೇ ಸೆಕ್ಟರ್ ರಸ್ತೆಯಲ್ಲಿ ವಾಕಿಂಗ್ ಮಾಡುತ್ತಿರುತ್ತೇನೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ಹಾಫ್ ಕ್ಲಚ್ ನಾನೇ ಹೇಳಿಕೊಡುತ್ತೇನೆ. ಬರುವಾಗ ಎಲ್ಎಲ್ಆರ್ ಜೊತೆಗಿರಲಿ, ಗಾಡಿಗೆ ಹಿಂದೆ ಮುಂದೆ ಎಲ್ ಬೋರ್ಡ್ ಹಚ್ಚಿರಿ.