ಮರಣ ವಿಚಾರಣೆಯ ಕೋರ್ಟಿನಲ್ಲಿ ಬ್ರಾಂಡೊ

ಕೇಳುಗರಿಗೆ ನಮಸ್ಕಾರ. 1989ರ ಚಿತ್ರ ‘ಎ ಡ್ರೈ ವೈಟ್ ಸೀಸನ್’ ಎಂದೊಡನೆ ಹಲವರಿಗೆ ನೆನಪಾಗುವುದು ವಕೀಲ ಮೆಕೆಂಜಿಯ ಪಾತ್ರದ ಮಾರ್ಲನ್ ಬ್ರಾಂಡೊ. ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು, ಆದರೂ ಆಸ್ಕರ್ ನಾಮನಿರ್ದೇಶನ ಬಂತು. ಆ ಕೋರ್ಟಿನಲ್ಲಿ ನಡೆಯುವುದು ಕೊಲೆ ಮೊಕದ್ದಮೆಯಲ್ಲ, ಸಾವಿನ ಕಾರಣ ಹುಡುಕುವ ಮರಣ ವಿಚಾರಣೆ ಎಂಬುದು ತಿಳಿದಿದ್ದರೆ ದೃಶ್ಯದ ಕಾವು ಇನ್ನಷ್ಟು ತಟ್ಟುತ್ತದೆ.

ಕಥೆ ನಡೆಯುವುದು ದಕ್ಷಿಣ ಆಫ್ರಿಕಾದಲ್ಲಿ, 1976ರಲ್ಲಿ. ಅರ್ಧದಷ್ಟು ವಿಷಯಗಳನ್ನು ಬಿಳಿಯ ಆಳುವವರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕೆಂಬ ಸರ್ಕಾರಿ ಆಜ್ಞೆಯನ್ನು ವಿರೋಧಿಸಿ ಜೂನ್ 16ರಂದು ಜೋಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ವಸತಿ ಪ್ರದೇಶ ಸೊವೆಟೊದ ಶಾಲಾಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಚಿತ್ರದಲ್ಲಿ, ಬಿಳಿಯ ಮೇಷ್ಟ್ರು ಬೆನ್ ಮನೆಯ ತೋಟದ ಕೆಲಸದ ಗೋರ್ಡನ್ ಮಗನನ್ನು ಕಳೆದುಕೊಳ್ಳುತ್ತಾನೆ. ಹೆಣ ಎಲ್ಲಿ ಎಂದು ಹುಡುಕಿಕೊಂಡು ಹೋದವನನ್ನೂ ಪೊಲೀಸರು ಹಿಡಿಯುತ್ತಾರೆ. ಕೊನೆಗೆ ಬರುವುದು ‘ಆತ್ಮಹತ್ಯೆ’ ಎಂಬ ಸುದ್ದಿ.

1967ರ ಭಯೋತ್ಪಾದನಾ ಕಾಯ್ದೆಯ 6ನೇ ಕಲಮಿನಡಿ ವಾರಂಟಿಲ್ಲದೆ ಹಿಡಿದು, ಎಷ್ಟು ಕಾಲ ಬೇಕಾದರೂ ಒಳಗಿಡಬಹುದಿತ್ತು. ವಕೀಲರಿಗೂ ಮನೆಯವರಿಗೂ ಭೇಟಿಯಿಲ್ಲ, ಬಿಡಿ ಎನ್ನಲು ಕೋರ್ಟಿಗೆ ಅಧಿಕಾರವಿಲ್ಲ. ಹಾಗಾಗಿ ಒಳಗೆ ನಡೆದದ್ದಕ್ಕೆ ಹೊಡೆದವರೇ ಸಾಕ್ಷಿ. ಸತ್ತ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಮರಣ ವಿಚಾರಣೆ. ಅಲ್ಲಿ ಆರೋಪಿಯಿಲ್ಲ, ಜ್ಯೂರಿಯಿಲ್ಲ. ಸಾವಿಗೆ ಕಾರಣವೇನು, ಯಾರಾದರೂ ಹೊಣೆಯೇ ಎಂಬುದಷ್ಟೇ ಪ್ರಶ್ನೆ. ಕಡತ ಕಟ್ಟುವುದೂ ಪೊಲೀಸರೇ. ಕುಟುಂಬದ ವಕೀಲನಿಗೆ ಹಿಡಿತ ಸಿಗುವುದು ಹೆಣದ ಮೇಲಿನ ಗಾಯಗಳಲ್ಲಿ ಮಾತ್ರ. ಮೆಕೆಂಜಿ ಹಿಡಿಯುವುದೂ ಅದನ್ನೇ. ಸೋಲು ಖಚಿತವೆಂದು ಗೊತ್ತಿದ್ದೂ ಬೇಸತ್ತ ವ್ಯಂಗ್ಯದಲ್ಲಿ ವಾದಿಸುತ್ತಾನೆ. ಬ್ರಾಂಡೊ ಅಬ್ಬರಿಸಿದ್ದರೆ ದೃಶ್ಯ ಕೆಡುತ್ತಿತ್ತು.

ನಿರ್ದೇಶಕಿ ಯೂಝಾನ್ ಪಾಲ್ಸಿ ಮಾರ್ಟಿನಿಕ್ ದ್ವೀಪದವರು. ಚಿತ್ರೀಕರಣ ಜಿಂಬಾಬ್ವೆಯಲ್ಲಿ; ಗೋರ್ಡನ್ ಆಗಿ ವಿನ್‌ಸ್ಟನ್ ಎನ್‌ಟ್ಶೋನಾ, ಬೆನ್‌ಗೆ ನೆರವಾಗುವ ಕಪ್ಪು ಟ್ಯಾಕ್ಸಿ ಚಾಲಕ ಸ್ಟ್ಯಾನ್ಲಿಯಾಗಿ ಜೇಕ್ಸ್ ಮೊಕಾಯಿ, ಇಬ್ಬರೂ ದಕ್ಷಿಣ ಆಫ್ರಿಕಾದ ಕಲಾವಿದರು. ಕಪ್ಪು ಜನರ ಸಂಕಟಕ್ಕೆ ಬಿಳಿಯ ನಾಯಕನೇಕೆ ಎಂಬ ಆಕ್ಷೇಪ ಈ ಬಗೆಯ ಚಿತ್ರಗಳ ಮೇಲಿದೆ, ಅದು ಸುಳ್ಳಲ್ಲ. ಆದರೆ ಪಾಲ್ಸಿ ಕೊನೆಯ ಏಟನ್ನು ಬೆನ್‌ಗೆ ಬಿಡದೆ ಸ್ಟ್ಯಾನ್ಲಿಯ ಕೈಗೆ ಕೊಡುತ್ತಾರೆ.

ಇಂಥ ವಿಚಾರಣೆ ಕಟ್ಟುಕಥೆಯಲ್ಲ. ಭಾರತೀಯ ಮೂಲದ ಮೇಷ್ಟ್ರು ಅಹ್ಮದ್ ಟಿಮೊಲ್ 1971ರಲ್ಲಿ ಜೋಹಾನ್ಸ್‌ಬರ್ಗಿನ ಜಾನ್ ವೋರ್ಸ್ಟರ್ ಸ್ಕ್ವೇರ್ ಪೊಲೀಸ್ ಕಟ್ಟಡದಿಂದ ಬಿದ್ದು ಸತ್ತಾಗ, ಮರುವರ್ಷದ ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. 2017ರಲ್ಲಿ ಮರುವಿಚಾರಣೆ ನಡೆದು, ಪೊಲೀಸರೇ ಕೊಂದರೆಂದು ತೀರ್ಮಾನವಾಯಿತು. ಮರುವರ್ಷ ಒಬ್ಬ ಮಾಜಿ ಪೊಲೀಸನ ಮೇಲೆ ಕೊಲೆ ಆರೋಪ ದಾಖಲಾಯಿತು. ಮೊಕದ್ದಮೆ ತೀರ್ಪಿಗೆ ಬರುವ ಮೊದಲೇ, 2021ರಲ್ಲಿ, ಅವನು ತೀರಿಕೊಂಡ.